ಹ್ಯಾಂಡ್‌ಬ್ಯಾಗಿನ ಹೋಳಿಗೆ

ಅಮೆರಿಕದ ಫೋರ್ಟ್ ಮಿಲ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ಮದುವೆಯಾಗಿದ್ದು ಪುಟ್ಟ ಮಗಳಿದ್ದ ವಿಧುರನನ್ನು. ಕಾರಿನ ಕೀಯನ್ನು ಬೆರಳಲ್ಲಿ ಗಿರಗಿರನೆ ತಿರುಗಿಸುತ್ತಾ ಯಾವಾಗಲೂ ಹೇಳುತ್ತಿದ್ದರು: “ನಮ್ಮದು ಬರೀ ಅನುಕೂಲಕ್ಕೆ ಆದ ಮದುವೆ ರೀ. ಅವರಿಗೆ ಮಗಳ ಜಡೆ ಹಾಕೋಕೆ ಬರ್ತಿರಲಿಲ್ಲ, ನಂಗೆ ‘ಮದುವೆ ಯಾವಾಗ’ ಅನ್ನೋ ಅಮ್ಮನ ಫೋನ್ ನಿಲ್ಲಬೇಕಿತ್ತು.”

ಒಂದು ಯುಗಾದಿಗೆ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಕ್ಕೆ ಮಗಳ ಜೊತೆ ಬಂದರು. ಗಂಡನಿಗೆ ಆಫೀಸಿನ ಕೆಲಸವಿತ್ತು. ಊಟ ಮುಗಿಯುವಾಗ ನೋಡಿದರೆ, ತುಪ್ಪ ಸವರಿದ ಎರಡು ಹೋಳಿಗೆಯನ್ನು ಟಿಶ್ಯೂನಲ್ಲಿ ಸುತ್ತಿ ಹ್ಯಾಂಡ್‌ಬ್ಯಾಗಿಗೆ ಸೇರಿಸುತ್ತಿದ್ದಾರೆ!

“ಮಗಳಿಗಾ?” ಎಂದೆ.

“ಹ್ಞೂಂ, ಮತ್ತೆ?”

ಪಕ್ಕದಲ್ಲೇ ಇದ್ದ ಹುಡುಗಿ ತಲೆಯೆತ್ತಿದಳು. “ನೋ ಆಂಟಿ, ನಂಗೆ ಹೋಳಿಗೆ ಇಷ್ಟ ಇಲ್ಲ. ಇಟ್ಸ್ ಫಾರ್ ಅಪ್ಪ.”

ಆಕೆ ಕೀ ಕೈಗೆತ್ತಿಕೊಂಡರು, ತಿರುಗಿಸಲು ಮರೆತರು. ಹೊರಗಿನ ಬಿರುಬಿಸಿಲನ್ನೇ ನೋಡುತ್ತಾ, “ಮಳೆ ಬರೋ ಹಾಗಿದೆ, ಅಲ್ವಾ?” ಎಂದರು.