ಚಿಕ್ಕಮ್ಮ ಸಾಕಿದ ಬೂಷ್ಟು

ನನ್ನ ಚಿಕ್ಕಮ್ಮ ಟೈಲರ್. ಕೊಳೆ ಕಂಡರೆ ಅವಳಿಗೆ ಆಗುವುದಿಲ್ಲ. ಅವಳ ಮನೆಗೆ ಹೋದರೆ ನಾನೇ ಎರಡೆರಡು ಸಲ ಕಾಲು ಒರೆಸಿಕೊಳ್ಳುತ್ತೇನೆ. ಅಂಥವಳು ಮಹಡಿಯ ಕೋಣೆಯನ್ನು ಬೂಷ್ಟಿಗೆ ಬಿಟ್ಟುಕೊಟ್ಟಳು!

ಆಗಿದ್ದಿಷ್ಟು. ಅವಳ ಹಳೆಯ ಗಿರಾಕಿಯೊಬ್ಬಳು ವಿಜ್ಞಾನಿ. ಒಂದು ಬೂಷ್ಟು ಪಕ್ಕದ ಬೂಷ್ಟಿಗೆ ಹೇಗೆ ಸುದ್ದಿ ಮುಟ್ಟಿಸುತ್ತದೆ ಎಂದು ಏಳು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಳು. ಇದರಿಂದ ಯಾರಿಗೇನು ಉಪಯೋಗ ಎಂದು ಸಂಸ್ಥೆಯವರು ಅನುದಾನ ನಿಲ್ಲಿಸಿದರು. ರವಿಕೆಗೆ ಅಳತೆ ಕೊಡಲು ಬಂದವಳು ಅಳುತ್ತ ನಿಂತಳು.

"ಮೇಲೊಂದು ಕೋಣೆ ಖಾಲಿ ಇದೆ. ಬಾಡಿಗೆ ಬೇಡ, ಕರೆಂಟು ನಂದು. ಬಾರಮ್ಮ," ಎಂದಳು ಚಿಕ್ಕಮ್ಮ.

"ಜನ ಬೂಷ್ಟು ತೆಗೆಸೋಕೆ ದುಡ್ಡು ಕೊಡ್ತಾರೆ, ನೀನು ಸಾಕೋಕೆ ಕೊಡ್ತೀಯಲ್ಲೇ! ಏನಕ್ಕೆ ಬರುತ್ತೆ ಅದು?" ಎಂದು ಚಿಕ್ಕಪ್ಪ ರೇಗಿದರು.

"ಯಾವತ್ತೋ ಯಾರಿಗೋ ಔಷಧಿ ಆಗ್ಬಹುದಂತೆ, ಆಗ್ದೇನೂ ಇರ್ಬಹುದಂತೆ. ಬಟ್ಟೆ ಹೊಲಿಸ್ಕೊಂಡೋರು ಅದನ್ನ ಹಾಕ್ಕೊಂಡು ಎಲ್ಲಿಗೆ ಹೋಗ್ತಾರೆ ಅಂತ ನಾನು ಕೇಳಿದ್ದೀನಾ?"

ಚಿಕ್ಕಪ್ಪ ಪೇಪರಿನ ಹಿಂದೆ ಅಡಗಿಕೊಂಡರು.

ಎರಡು ವರ್ಷ ಎಲ್ಲ ಸರಿಯಿತ್ತು. ಆಮೇಲೊಂದು ವಾರ ವಿಜ್ಞಾನಿ ಪರವೂರಿಗೆ ಹೋದಳು. ಚಿಕ್ಕಮ್ಮನ ಕೈ ಸುಮ್ಮನಿರಬೇಕಲ್ಲ! ಅವಳ ಅಂಗಡಿಯಲ್ಲಿ ಒಳ್ಳೆಯ ಮಾಲು ಬೀರುವಿನಲ್ಲಿ, ಮೇಜಿನ ಮೇಲೆ ಕಸ. ಇಲ್ಲೂ ಬೇಕಾದ ಬೂಷ್ಟು ಬೀರುವಿನಲ್ಲಿರುತ್ತದೆ ಎಂದು ತಾನೇ ತೀರ್ಮಾನಿಸಿ, ಮೇಜಿನ ಮೇಲಿದ್ದ ಬೂಷ್ಟು ಹಿಡಿದ ನಲವತ್ತೊಂದು ಗಾಜಿನ ತಟ್ಟೆಗಳನ್ನು ಒರೆಸಿ, ಬಿಸಿನೀರಿನಲ್ಲಿ ತೊಳೆದು ಜೋಡಿಸಿಟ್ಟಳು.

ಊರಿಂದ ಬಂದ ವಿಜ್ಞಾನಿ ಖಾಲಿ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. "ಅಕ್ಕಾ, ಅವುಗಳಿಗೆ ಬೆಳಕು ಬೇಕು ಅಂತ ಹೊರಗಿಟ್ಟಿದ್ದೆ. ಒಂಬತ್ತು ವರ್ಷದ ಕೆಲಸ ಅಷ್ಟೂ ಅದರಲ್ಲೇ ಇತ್ತು."

ಆವತ್ತು ನಾನೂ ಅಲ್ಲೇ ಇದ್ದೆ. ಯಾರು ಕೇಳಿದರು ನಿನ್ನನ್ನು ಎಂದು ಬೈಯಬೇಕೆನ್ನಿಸಿತು ನನಗೆ. ಆದರೆ ಚಿಕ್ಕಮ್ಮ ಚೂರಾದರೂ ಉಳಿದಿದೆಯೇ ಎಂದು ತೊಳೆದ ತಟ್ಟೆಗಳನ್ನು ಬೆಳಕಿಗೆ ಹಿಡಿದು ಹುಡುಕುತ್ತಿದ್ದುದನ್ನು ನೋಡಿ ಬೈಯಲಾಗಲಿಲ್ಲ.

"ಒರೆಸಿದ ಬಟ್ಟೆ ಎಲ್ಲಿ ಅಕ್ಕಾ?" ಎಂದಳು ವಿಜ್ಞಾನಿ ಥಟ್ಟನೆ.

ಚಿಕ್ಕಮ್ಮ ಬುಟ್ಟಿ ತಂದಳು. ಒಬ್ಬರ ಬಟ್ಟೆಯ ಬಣ್ಣ ಇನ್ನೊಬ್ಬರದಕ್ಕೆ ಹತ್ತಬಾರದೆಂದು ಒಂದೊಂದನ್ನು ಒರೆಸಲೂ ಬೇರೆ ಬಟ್ಟೆ ತುಂಡು ಬಳಸುವುದು ಅವಳ ಮೂವತ್ತು ವರ್ಷದ ಅಭ್ಯಾಸ. ಬುಟ್ಟಿಯಲ್ಲಿ ನಲವತ್ತೊಂದು ತುಂಡುಗಳಿದ್ದವು. ತಟ್ಟೆಗಳ ನಂಬರಿನ ಚೀಟಿಗಳನ್ನೂ, ಗಿರಾಕಿಗಳ ಚೀಟಿ ಚುಚ್ಚುವ ಹಾಗೆ, ಆಯಾ ತುಂಡಿಗೇ ಗುಂಡುಪಿನ್ನಿನಿಂದ ಚುಚ್ಚಿದ್ದಳು.

ಬಟ್ಟೆಗಂಟಿದ ಬೂಷ್ಟು ಮತ್ತೆ ಬೆಳೆದರೆ ಬೆಳೆಯಲಿ ಎಂದು ವಿಜ್ಞಾನಿ ಪ್ರತಿ ತುಂಡಿನಿಂದ ಚೂರು ಕತ್ತರಿಸಿ ಹೊಸ ತಟ್ಟೆಗಳಲ್ಲಿಟ್ಟಳು. ಐದು ದಿನ ಚಿಕ್ಕಮ್ಮ ಮಿಷನ್ ತುಳಿಯಲಿಲ್ಲ, ಸರಿಯಾಗಿ ಉಣ್ಣಲಿಲ್ಲ. ಚಿಕ್ಕಪ್ಪನೇ ದಿನಕ್ಕೆರಡು ಸಲ ಮಹಡಿ ಹತ್ತಿ ಇಣುಕುತ್ತಿದ್ದರು.

ಆರನೆಯ ಬೆಳಿಗ್ಗೆ ಮೇಲಿನಿಂದ ಅವರ ಕೂಗು, "ಬಾರೇ, ಬೇಗ ಬಾರೇ!"

ಹದಿನೇಳನೆಯ ತಟ್ಟೆಯಲ್ಲಿ ಸಾಸಿವೆಯಷ್ಟು ಹಸಿರು ಕಾಣಿಸಿತ್ತು. ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಬೂಷ್ಟು ಕಂಡು ಸಂತೋಷಕ್ಕೆ ಅತ್ತವಳೆಂದರೆ ನಾನು ನೋಡಿದ್ದು ನನ್ನ ಚಿಕ್ಕಮ್ಮನೊಬ್ಬಳನ್ನೇ.