ಮತ್ಯಾವಾಗ ಹೋಗೋದು?

ಮಿಲಿಟರಿಯವನು ಊರಿಗೆ ಬಂದರೆ ಜನ ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳುತ್ತಾರೆ. “ಯಾವಾಗ ಬಂದ್ರಿ? ಮತ್ಯಾವಾಗ ಹೋಗೋದು?” ದಾವಣಗೆರೆ ಸ್ಟೇಷನ್ನಿನಲ್ಲಿ ಇಳಿದು ನಾನು ಅಣ್ಣನ ಮನೆ ಮುಟ್ಟುವಷ್ಟರಲ್ಲಿ ಜಟಕಾದವನು, ಬೀಡಿ ಅಂಗಡಿಯವನು, ಮಸೀದಿ ಮೆಟ್ಟಿಲ ಮೇಲೆ ಕೂತ ಮುದುಕರು, ಎಲ್ಲರೂ ಕೇಳಿ ಮುಗಿಸಿರುತ್ತಿದ್ದರು. ಬಂದವನಿಗೆ ಒಂದು ಲೋಟ ನೀರು ಕೊಡುವ ಮೊದಲೇ ಹೊರಡುವ ದಿನ ವಿಚಾರಿಸುತ್ತಾರಲ್ಲ, ಇವರದೆಂಥ ಬುದ್ಧಿ ಎಂದು ನನಗೆ ರೇಗುತ್ತಿತ್ತು.

ಎಪ್ಪತ್ತರ ದಶಕದ ನಡುವೆ ಹವಾಲ್ದಾರನಾಗಿ ಪಿಂಚಣಿ ಪಡೆದು ಬಂದಾಗ ಮಾತ್ರ ಆ ಪ್ರಶ್ನೆಯನ್ನು ನಾನೇ ಹುಡುಕಿಕೊಂಡು ಹೋದೆ. ಸಿಕ್ಕಸಿಕ್ಕವರಿಗೆಲ್ಲ “ಇನ್ನು ಹೋಗೋದಿಲ್ರಿ” ಎಂದು ಎದೆಯುಬ್ಬಿಸಿ ಹೇಳಿದೆ. ಅಲ್ಲಿಯವರೆಗೆ ಹೆಂಡತಿ, ಮಗಳು ಹರಿಹರದಲ್ಲಿ ನನ್ನ ಅತ್ತೆಯ ಮನೆಯಲ್ಲಿದ್ದರು. ಅವರನ್ನು ಕರೆತಂದು, ದಾವಣಗೆರೆಯಲ್ಲಿ ಅಣ್ಣನ ಮಂಡಕ್ಕಿ ಭಟ್ಟಿಯ ಹಿಂದಿದ್ದ ಮನೆಯಲ್ಲಿ ಸಂಸಾರ ಹೂಡಿದೆ. ಮನೆಯೊಳಗೆ ನಾವು ಆಡುವುದು ಉರ್ದು, ಬೀದಿಯಲ್ಲಿ ಕನ್ನಡ. ನನ್ನ ಹೆಂಡತಿಗೆ ಸಿಟ್ಟು ಬಂದರೆ ಮಾತ್ರ ಒಳಗೂ ಕನ್ನಡವೇ.

ಮಗಳಿಗೆ ಆಗ ಏಳೆಂಟು ವರ್ಷ. ನನ್ನ ಮಾತನ್ನು ಅವಳು ನಂಬಲಿಲ್ಲ. ಬೆಳಿಗ್ಗೆ ಎದ್ದವಳೇ ಮಂಚದ ಕೆಳಗೆ ಬಗ್ಗಿ, ಬಿಳಿ ಬಣ್ಣದಲ್ಲಿ ನನ್ನ ನಂಬರು ಬರೆದಿದ್ದ ಕಪ್ಪು ಟ್ರಂಕು ನೋಡುವಳು. ಅದಕ್ಕೆ ಬೀಗ ಬಿದ್ದಿದ್ದರೆ ಮುಖ ಸಪ್ಪಗಾಗುವುದು. “ಅಬ್ಬಾ, ಛುಟ್ಟಿ ಇನ್ನೆಷ್ಟು ದಿನ?” ಎಂದು ಕೇಳುವಳು. ಛುಟ್ಟಿಯಲ್ಲ ಕಣೇ, ಪಿಂಚಣಿ ಎಂದರೆ ಆ ಮಗುವಿಗೆ ಏನು ತಿಳಿಯಬೇಕು? ಕೊನೆಗೆ ನನ್ನ ಹೆಂಡತಿ ಟ್ರಂಕು ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಅದರ ತುಂಬ ಮಂಡಕ್ಕಿ ಸುರಿದಳು. ತಗಡಿನ ಟ್ರಂಕಿನಲ್ಲಿ ಮಂಡಕ್ಕಿ ಬೇಗ ಮೆತ್ತಗಾಗುವುದಿಲ್ಲ. ಬಟ್ಟೆ ಇಡಲು ಜಾಗವಿಲ್ಲದವನು ಎಲ್ಲಿಗೆ ಹೋಗುತ್ತಾನೆ ಎಂದು ಮಗಳಿಗೆ ಧೈರ್ಯ ಬಂತು. ಅಂದಿನಿಂದ ಅವಳು ಕೇಳುವುದನ್ನು ಬಿಟ್ಟಳು. ಶಾಲೆಯಿಂದ ಬಂದು, ಮುಚ್ಚಳ ದಡಾರನೆ ಎತ್ತಿ, ಒಂದು ಹಿಡಿ ಬಾಯಿಗೆ ಹಾಕಿಕೊಂಡು ಆಟಕ್ಕೆ ಓಡುವಳು. ಆ ಸದ್ದು ಕೇಳಲು ನನಗೆ ಬಹಳ ಇಷ್ಟವಾಗುತ್ತಿತ್ತು.

ಭಟ್ಟಿಯಲ್ಲಿ ಮಾತ್ರ ನಾನು ಯಾವ ಕೆಲಸಕ್ಕೂ ಬಾರದವನಾದೆ. ಕಾದ ಮರಳಿಗೆ ಅಕ್ಕಿ ಹಾಕಿ, ಅರಳಿದ ಕೂಡಲೇ ಜರಡಿಗೆ ಎತ್ತಬೇಕು. ನಾನು ಎತ್ತುವಷ್ಟರಲ್ಲಿ ಕರಕಲು. ಸರಿ, ಬೈದು ಕೆಲಸ ಮಾಡಿಸೋಣವೆಂದರೆ ಕೆಲಸದವರು ಸೆಲ್ಯೂಟ್ ಹೊಡೆದು ನಗುತ್ತಿದ್ದರು. “ಹವಾಲ್ದಾರ್ರೆ, ನೀವು ಹೊರಗೆ ಕುಂದ್ರಿ, ಗಿರಾಕಿ ನೋಡ್ಕೊಳ್ರಿ” ಎಂದು ಅಣ್ಣನೂ ತಮಾಷೆ ಮಾಡಿದ. ಹೊರಗೆ ಕೂತೆ. ಒಂದು ವರ್ಷ ಕಳೆಯಿತು, ಎರಡು ಕಳೆಯಿತು. ಜಟಕಾದವನು ಈಗ ತಲೆಯೆತ್ತಿಯೂ ನೋಡದೆ ಹೋಗುತ್ತಿದ್ದ. ಊರಲ್ಲೇ ಇರುವವನನ್ನು ಏನೆಂದು ಕೇಳುವುದು? ಅವನ ತಪ್ಪೇನೂ ಇರಲಿಲ್ಲ. ಆದರೂ ನನಗೆ ಅವನ ಮೇಲೆ ಕೋಪ ಬರುತ್ತಿತ್ತು.

ಹಾಗಿರುವಾಗ ಹರಿಹರದ ಸ್ಟೇಷನ್ನಿನಲ್ಲಿ ನನ್ನ ಪಟಾಲಮಿನ ಹಳೆಯ ಗೆಳೆಯನೊಬ್ಬ ಸಿಕ್ಕ. ನನ್ನ ಜೊತೆಗೇ ಪಿಂಚಣಿ ಪಡೆದವನು, ನೋಡಿದರೆ ಮೈಮೇಲೆ ಮತ್ತೆ ಯೂನಿಫಾರ್ಮು! ಪಿಂಚಣಿಯಾದವರನ್ನೇ ಆರಿಸಿ ಮಿಲಿಟರಿ ಡಿಪೋಗಳ ಕಾವಲಿಗೆ ಸೇರಿಸಿಕೊಳ್ಳುವ ದಳವೊಂದಿದೆ ಎಂದು ಅವನು ವಿವರಿಸುತ್ತಿದ್ದ. ಅಷ್ಟರಲ್ಲಿ ಯಾರೋ ಬಂದು ಅವನ ಕೈ ಹಿಡಿದು “ಯಾವಾಗ ಬಂದ್ರಿ? ಮತ್ಯಾವಾಗ ಹೋಗೋದು?” ಎಂದರು. ಪಕ್ಕದಲ್ಲಿದ್ದ ನನ್ನನ್ನು ಕಣ್ಣೆತ್ತಿ ಸಹ ನೋಡಲಿಲ್ಲ.

ಮನೆಯಲ್ಲಿ ಹೇಳದೆ ಆ ದಳದ ಭರ್ತಿಗೆ ಹೋದೆ. ಮೀಸೆಗೆ ಕಪ್ಪು ಹಚ್ಚಿಕೊಂಡು ಹೋಗಿದ್ದೆ, ಓಟದ ಬೆವರಿಗೆ ಅದು ಗಲ್ಲದ ಮೇಲೆ ಇಳಿಯಿತು. ಮುದುಕರನ್ನೇ ಕರೆದಿರುವ ಕಡೆ ವಯಸ್ಸು ಮರೆಸಲು ಹೋದ ಮಹಾಜಾಣ ನಾನು. “ಚಾಚಾ, ನಿಮ್ಮ ವಯಸ್ಸು ನಮಗೆ ಗೊತ್ತು, ಒರೆಸಿಕೊಳ್ಳಿ” ಎಂದು ಆಫೀಸರ್ ನಕ್ಕ. ತೆಗೆದುಕೊಂಡರು. ಆದರೆ ಹವಾಲ್ದಾರನೆಂದಲ್ಲ, ಸಿಪಾಯಿಯೆಂದು. ತೋಳಿನ ಮೂರು ಪಟ್ಟಿ ಹೋಯಿತು. ಅದಕ್ಕೂ ಹೂಂ ಎಂದೆ.

ಸುದ್ದಿ ತಿಳಿದ ಹೆಂಡತಿ ಕನ್ನಡಕ್ಕೆ ತಿರುಗಿದಳು. “ಇಲ್ಲೇನು ಕಮ್ಮಿ ಆಗೈತ್ರಿ ನಿಮಗೆ? ಹೊಟ್ಟೆಗಿಲ್ವಾ, ಬಟ್ಟೆಗಿಲ್ವಾ?”

ಎರಡೂ ಇದ್ದವು. ಜಟಕಾದವನು ಮಾತಾಡಿಸುವುದಿಲ್ಲ ಎಂದು ಹೆಂಡತಿಗೆ ಹೇಳಲಾಗುತ್ತದೆಯೇ? ಸರ್ಕಾರಿ ಕೆಲಸ, ಮಗಳ ಮದುವೆ ಎಂದು ಏನೇನೋ ತೊದಲಿದೆ.

“ನಾನಂತೂ ಹರಿಹರಕ್ಕೆ ವಾಪಸ್ ಹೋಗಲ್ಲ. ಒಂದ್ಸಲ ಹೂಡಿದ ಒಲೆ ಕೀಳಂಗಿಲ್ಲ. ಹೋಗೋರು ಹೋಗ್ರಿ” ಎಂದು ಚಾದರ ಹಾಸಿ, ಟ್ರಂಕು ಎಳೆದು ಬೋರಲು ಹಾಕಿದಳು. ಮಂಡಕ್ಕಿ ಗುಡ್ಡೆ ಬಿತ್ತು. ಮಗಳು ಬಾಗಿಲಲ್ಲಿ ನಿಂತು ನೋಡಿದಳು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆನೋ ಏನೋ. ಅವಳು ಅಳಲಿಲ್ಲ. ಚೆಲ್ಲಿದ್ದನ್ನು ಆಯ್ದು ಗುಡ್ಡೆಗೆ ಹಾಕಿ ಒಳಗೆ ಹೋದಳು.

ಉತ್ತರದಲ್ಲಿ ಎಲ್ಲೋ ಒಂದು ಮದ್ದುಗುಂಡಿನ ಡಿಪೋ, ಅದರ ಗೇಟು. ಬಂದ ಲಾರಿಗೆ ತೆರೆಯುವುದು, ಹೋದ ಮೇಲೆ ಮುಚ್ಚುವುದು. ನನ್ನ ಮಗನಾಗಬಹುದಾದ ವಯಸ್ಸಿನವರಿಗೆಲ್ಲ ಸೆಲ್ಯೂಟ್ ಹೊಡೆದೆ. ಟ್ರಂಕಿನ ಮೂಲೆಯಲ್ಲಿ ನಾಲ್ಕು ಕಾಳು ಮಂಡಕ್ಕಿ ಉಳಿದಿತ್ತು. ಅದನ್ನು ಎಷ್ಟೋ ದಿನ ಗುಡಿಸದೆ ಬಿಟ್ಟಿದ್ದೆ. ಛುಟ್ಟಿಗೆ ಬಂದಾಗ ಊರವರು ಹಳೆಯ ಪ್ರಶ್ನೆ ಕೇಳಿದರು. ಮೊದಲ ಸಲ ಸಿಹಿಯಾಗಿತ್ತು. ಎರಡನೆಯ ಸಲಕ್ಕೆ ಅದೇ ಹಳೆಯ ಸಿಟ್ಟು.

ಮಗಳನ್ನು ಹರಿಹರಕ್ಕೇ ಕೊಟ್ಟೆವು. ಹುಡುಗನನ್ನು ನೋಡಿದವನು, ಮಾತು ಮುಗಿಸಿದವನು ಅಣ್ಣ. ನಾನು ನಿಕಾಹ್‌ಗೆ ಛುಟ್ಟಿ ಹಾಕಿ ಬಂದೆ. ಊಟದ ಹೊತ್ತಿನಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಕೇಳಿದರು, “ಯಾವಾಗ ಬಂದ್ರಿ? ಮತ್ಯಾವಾಗ ಹೋಗೋದು?” ನಾನು ಬಾಯಿ ತೆರೆಯುವ ಮೊದಲೇ ಮದುಮಗಳು ಪಕ್ಕದ ಕೋಣೆಯಿಂದ “ಅಬ್ಬಾ ಐತವಾರ ಹೋಗ್ತಾರೆ” ಎಂದಳು. ರೈಲಿನ ವೇಳೆ ಹೇಳುವವರ ದನಿ.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಕಾವಲು ಕೆಲಸವೂ ಮುಗಿದು ಕೊನೆಯ ಸಲ ದಾವಣಗೆರೆಯಲ್ಲಿ ಇಳಿದೆ. ಜಟಕಾ ಹೋಗಿ ಆಟೋ ಬಂದಿತ್ತು, ಡ್ರೈವರಿಗೆ ನಾನು ಯಾರೋ. ಮನೆಯಲ್ಲಿ ಹೆಂಡತಿ ಒಬ್ಬಳೇ. ಯೂನಿಫಾರ್ಮು ಬಿಚ್ಚಿ, ಟ್ರಂಕು ಖಾಲಿ ಮಾಡಿ, ನಾನೇ ತೊಳೆದು ಬಿಸಿಲಿಗಿಟ್ಟೆ. ಭಟ್ಟಿಗೆ ಹೋಗಿ ಒಂದು ಚೀಲ ಮಂಡಕ್ಕಿ ಹೊತ್ತು ತಂದು ಅವಳ ಮುಂದಿಟ್ಟು, “ತುಂಬು” ಎಂದೆ.

ಅವಳು ಚೀಲವನ್ನು ಅಡುಗೆಮನೆಯ ಡಬ್ಬಿಗಳಿಗೆ ಸುರಿದಳು. ಒಣಗಿದ ಟ್ರಂಕಿಗೆ ಬೀಗ ಸಿಕ್ಕಿಸಿ ಮಂಚದ ಕೆಳಗೆ ತಳ್ಳಿದಳು.

“ಖಾಲಿ ಇರಲಿ ಬಿಡಿ, ನಿಮಗೆ ಮತ್ತೆ ಬೇಕಾಗಬಹುದು” ಎಂದಳು. ಉರ್ದುವಿನಲ್ಲಿ ಹೇಳಿದಳು. ಕನ್ನಡದಲ್ಲಿ ಬೈಯಲಿ ಎಂದು ನಾನು ಇವತ್ತಿಗೂ ಕಾಯುತ್ತಿದ್ದೇನೆ.