ಭಾವ ಕತ್ತರಿಸಿದ ಪುಟ

ಭಾವ ಬೆಳಗ್ಗೆ ಗ್ರಂಥಾಲಯಕ್ಕೆ ಹೊರಟರೆಂದರೆ ಮನೆಯವರಿಗೆಲ್ಲ ಹೆಮ್ಮೆ. ಬೀದಿಯ ಕಡೆಯ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ತಮ್ಮನ ಹೆಂಡತಿಗೂ ಅಷ್ಟೇ. ಕೆಲಸದಿಂದ ನಿವೃತ್ತರಾದ ಮೇಲೆ ಇಸ್ಪೀಟು ಹಿಡಿಯದೆ ಪುಸ್ತಕ ಹಿಡಿದರಲ್ಲ ಎಂದು.

“ಊರಿನ ಸೊತ್ತು ಕಣಮ್ಮ, ಪೂರ್ತಿ ಉಪಯೋಗಿಸ್ಕೋಬೇಕು,” ಎನ್ನುತ್ತಿದ್ದರು ಭಾವ.

ಆ ವರ್ಷ ಕಪ್ಪು ಬಟ್ಟೆಯ ಬಣ್ಣ ತಾಗಿ ತಾಗಿ ಅವಳ ಅಂಗೈ ಸುಲಿಯತೊಡಗಿತು. ಡಾಕ್ಟರು ತಲೆ ಎತ್ತದೆ ಒಂದು ಮುಲಾಮು ಬರೆದುಕೊಟ್ಟರು; ಅದರಿಂದ ಉರಿ ಹೆಚ್ಚಿತೇ ಹೊರತು ಇಳಿಯಲಿಲ್ಲ. ಅಳತೆ ಕೊಡಲು ಬಂದ ಹೆಂಗಸೊಬ್ಬಳು ಒಂದು ಹೆಜ್ಜೆ ಹಿಂದೆ ಸರಿದು, “ಅಕ್ಕ, ಅಂಟೋದಲ್ಲ ತಾನೆ?” ಎಂದು ಕೇಳಿಯೇಬಿಟ್ಟಳು. ಮಾರನೆಯ ದಿನವೇ ಇವಳು ಯಂತ್ರಕ್ಕೆ ಮುಸುಕು ಹಾಕಿ ಗ್ರಂಥಾಲಯಕ್ಕೆ ನಡೆದಳು.

ಒಳಗೆ ಕಾಲಿಟ್ಟವಳಿಗೆ ಮೊದಲು ಕಂಡದ್ದೇ ಭಾವ. ಎದುರಿನ ಕುರ್ಚಿಯ ಮೇಲೆ ಪಾದ ಏರಿಸಿ, ಹರಡಿದ ದಿನಪತ್ರಿಕೆಯ ಮೇಲೆ ಕಾಲುಗುರು ಕತ್ತರಿಸುತ್ತಿದ್ದರು. ಬೇರೆಯವರಿಗೆ ಸಿಗದಿರಲೆಂದು ಇನ್ನೆರಡು ಪತ್ರಿಕೆಗಳನ್ನು ತೊಡೆಯಡಿ ಅದುಮಿಟ್ಟಿದ್ದರು. ಉಗುರನ್ನು ನೆಲಕ್ಕೆ ಕೊಡವಿ, ಅದೇ ಬೆರಳನ್ನು ನಾಲಿಗೆಗೆ ಒತ್ತಿ, ಪುಟ ಮಗುಚಿದರು. ಅವಳು ಮುಖ ತಿರುಗಿಸಿ ಕಪಾಟಿನ ಮರೆಗೆ ಸರಿದಳು.

ಅವಳು ಅಂಗೈ ತೋರಿಸಿ ಕೇಳಿದಾಗ ಗ್ರಂಥಪಾಲಕಿ ಚರ್ಮರೋಗದ ದಪ್ಪ ಪುಸ್ತಕ ತಂದು, ಪರಿವಿಡಿಯಲ್ಲಿ ಬೆರಳಾಡಿಸಿ ಪುಟ ತೆರೆದಳು. ಬೇಕಾದ ಹಾಳೆಯೇ ಇಲ್ಲ. ಬುಡದಲ್ಲಿ ನೇರವಾದ ಬ್ಲೇಡಿನ ಗೆರೆ.

“ಥೂ, ಮತ್ತೆ ಕೊಯ್ದಿದಾರೆ! ಕೇಳಿದ್ರೆ ನಾವೇ ನಕಲು ತೆಗೆದುಕೊಡ್ತೀವಮ್ಮ. ಇಲ್ಲಿಲ್ಲದ ಪುಸ್ತಕ ಬೇರೆ ಶಾಖೆಯಿಂದ ತರಿಸಿಕೊಡ್ತೀವಿ. ಬಾಯಿಬಿಟ್ಟು ಕೇಳೋಕೇನು ರೋಗ ಇವರಿಗೆ?”

ಉಳಿದ ಪುಟದ ಅಂಚಿನ ನೀಲಿ ಪಟ್ಟಿಯ ಮೇಲೆ ಅವಳು ಬೆರಳಿಟ್ಟಳು. ಬಚ್ಚಲುಮನೆಯ ಕನ್ನಡಿಯ ಪಕ್ಕ ಭಾವ ಅಂಟಿಸಿಕೊಂಡ ಹಾಳೆಗೂ ಇದೇ ಪಟ್ಟಿ. ತಮ್ಮ ಕಾಲಿನ ತುರಿಕೆಗೆಂದು ಅಂಟಿಸಿದ್ದು. ಅದರ ಮೇಲೆ ಕ್ಷೌರದ ನೊರೆ ಒಣಗಿ ಹಕ್ಕಳೆಗಟ್ಟಿತ್ತು.

ಮನೆಗೆ ಬಂದವಳೇ ಅದನ್ನು ಕಿತ್ತು ತಂದು ಭಾವನ ಮುಂದೆ ಹಿಡಿದಳು.

“ಇದು ಗ್ರಂಥಾಲಯದ್ದಲ್ವಾ ಭಾವ?”

“ಹೌದು. ಎಲ್ಲರದ್ದು ಅಂದ್ಮೇಲೆ ನನ್ನದೂ ಅಲ್ವೇನಮ್ಮ?”

“ಎಲ್ಲರ ಬಾವಿ ಅಂತ ಅದರಲ್ಲೇ ಬಾಯಿ ಮುಕ್ಕಳಿಸ್ತೀರಾ?”

ಭಾವ ನಕ್ಕರು. ಆ ನಗುವೇ ಅವಳಿಗೆ ಉಗುರಿಗಿಂತ ಹೇಸಿಗೆಯೆನಿಸಿತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ಇದು. ಇಂಥವರಿಗೆ ನಾಚಿಕೆ ಹುಟ್ಟುವಾಗಲೇ ಬಿಟ್ಟುಹೋಗಿರುತ್ತದೆ.

“ಮನೆ ಮಾನ ಬೀದಿಗೆ ಹಾಕಬೇಡ್ವೇ,” ಎಂದು ಗಂಡ ಗೋಗರೆದ. ಅವಳು ಕೇಳಲಿಲ್ಲ. ಕೊಳೆ ಹಾಳೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಯಾರು ಕೊಯ್ದದ್ದೆಂದು ಹೇಳಿಯೇ ಕೊಟ್ಟು ಬಂದಳು. ಭಾವನ ಸದಸ್ಯತ್ವ ರದ್ದಾಯಿತು. ಅವಳ ಹೆಸರಿನಲ್ಲಿ ಹೊಸದೊಂದು ಆಯಿತು.

ಬೇರೆ ಶಾಖೆಯಿಂದ ಶುಭ್ರವಾದ ಇನ್ನೊಂದು ಪ್ರತಿ ಬಂತು. ಅದನ್ನು ಓದಿ, ನಕಲು ಹಿಡಿದು ಚರ್ಮದ ಡಾಕ್ಟರ ಬಳಿ ಹೋದಳು. ಬಟ್ಟೆಯನ್ನು ಮೊದಲೇ ಒಗೆಸಿ ಹೊಲಿಯುವುದನ್ನು ರೂಢಿ ಮಾಡಿಕೊಂಡಳು. ಅಂಗೈ ನಿಧಾನವಾಗಿ ಮಾಯಿತು. ಈಗ ಹೊಸ ನಮೂನೆಗಳ ಹೊಲಿಗೆ ಪುಸ್ತಕಗಳನ್ನೂ ತರಿಸಿಕೊಳ್ಳುತ್ತಾಳೆ.

ಭಾವ ಅವಳೊಂದಿಗೆ ಮಾತು ಬಿಟ್ಟಿದ್ದಾರೆ. “ಗ್ರಂಥಾಲಯ ಮೊದಲಿನ ಹಾಗಿಲ್ಲ, ಕೆಟ್ಟುಹೋಯ್ತು,” ಎಂದು ಬಂದವರೆದುರೆಲ್ಲ ಹೇಳಿಕೊಳ್ಳುತ್ತಾರೆ. ಊಟಕ್ಕೆ ಕೂತಾಗ ಅವರು ಬೆರಳು ನೆಕ್ಕುವುದು ಕಂಡರೆ ಅವಳಿಗೆ ಇವತ್ತಿಗೂ ತುತ್ತು ಇಳಿಯುವುದಿಲ್ಲ. ಬಡಿಸಿಟ್ಟು, ತನ್ನ ತಟ್ಟೆ ಎತ್ತಿಕೊಂಡು ಹೊಲಿಗೆ ಕೋಣೆಗೆ ಹೋಗಿಬಿಡುತ್ತಾಳೆ.